ನಮ್ಮ ಬೀದಿಗೆ ಬರುವ ಕಾಡು ಟರ್ಕಿಗಳು: ಇವುಗಳ ಬದುಕಿನ ರೀತಿ ತಿಳಿದವರು ಬರೆಯಿರಿ

ಬೇಲಿಯಾಚೆ (ವುಸ್ಟರ್ ಹತ್ತಿರ, ಮ್ಯಾಸಚೂಸೆಟ್ಸ್)

ಬಾಸ್ಟನ್ ಸುತ್ತಮುತ್ತ ಹೊಸದಾಗಿ ನೆಲೆಸಿದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ನಡುರಸ್ತೆಯಲ್ಲಿ ಗತ್ತಿನಿಂದ ನಡೆದು ಕಾರುಗಳನ್ನು ನಿಲ್ಲಿಸುವ ಈ ದೊಡ್ಡ ಕೋಳಿಗಳು ಯಾರ ಮನೆಯವು? ಯಾರ ಮನೆಯವೂ ಅಲ್ಲ. ಅಂಗಡಿಯ ಫ್ರೀಜರಿನಲ್ಲಿ ಸಿಗುವ ಟರ್ಕಿಗೂ ಇದಕ್ಕೂ ಜಾತಿ ಒಂದೇ, ಬದುಕು ಬೇರೆ. ಅದು ಎದೆಯ ಮಾಂಸಕ್ಕಾಗಿ ಹಾರಲಾರದಷ್ಟು ಮೈ ಬೆಳೆಸಿದ ಸಾಕು ತಳಿ. ಇದು ಸಂಜೆಯಾದರೆ ಮರ ಏರಿ ಮಲಗುವ, ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಓಡಬಲ್ಲ, ಬೆದರಿದರೆ ಅದರ ಎರಡರಷ್ಟು ವೇಗದಲ್ಲಿ ಹಾರಿ ಮರಗಳ ನಡುವೆ ಕಣ್ಮರೆಯಾಗಬಲ್ಲ ಕಾಡುಹಕ್ಕಿ. ದೂರದ ಹಾರಾಟ ಇದರ ಕೈಲಾಗದು. ಹತ್ತಿರದ ಕಾಡಿನ ಅಂಚು ಸಿಕ್ಕರೆ ಸಾಕು. ಬೆಳೆದ ಹುಂಜ 5ರಿಂದ 11 ಕಿಲೋ ತೂಗುತ್ತದೆ, ಹೇಂಟೆ ಅದರ ಅರ್ಧ.

ಈಗ ವಸಂತ. ಹುಂಜ ಗರಿ ಬಿಚ್ಚಿ ಮೆರೆಯುವುದನ್ನು ನೋಡಲು ಇದೇ ಕಾಲ. ದುರ್ಬೀನು ಇದ್ದರೆ ಮೊದಲು ತಲೆಯನ್ನು ಗಮನಿಸಿ. ಗರಿಯಿಲ್ಲದ ಬೋಳು ತಲೆ, ಬಿಳಿ ನೆತ್ತಿ, ನೀಲಿ ಕೆನ್ನೆ, ಕತ್ತಿನ ಬುಡದಲ್ಲಿ ಗಂಟುಗಂಟಾದ ಕೆಂಪು ಮಾಂಸ. ಚರ್ಮದ ಒಳಗಿನ ರಕ್ತನಾಳಗಳು ಹಿಗ್ಗಿ ಕುಗ್ಗಿದ ಹಾಗೆ ಈ ಬಣ್ಣಗಳು ನಮ್ಮ ಕಣ್ಣೆದುರೇ ಬದಲಾಗುತ್ತವೆ. ಕೊಕ್ಕಿನ ಮೇಲಿನಿಂದ ಒಂದು ಮಾಂಸದ ಎಳೆ ಹೊರಟಿರುತ್ತದೆ. ಹಕ್ಕಿ ಸುಮ್ಮನೆ ಮೇಯುವಾಗ ಅದು ಗಿಡ್ಡವಾಗಿ ಮುದುಡಿಕೊಂಡಿರುತ್ತದೆ. ಹೇಂಟೆ ಎದುರಿಗೆ ಬಂದರೆ ಉದ್ದಕ್ಕೆ ಇಳಿದು ಕೊಕ್ಕನ್ನು ದಾಟಿ ತೂಗಾಡುತ್ತದೆ. ಇದು ಬರಿಯ ಅಲಂಕಾರವಲ್ಲ. ರಿಚರ್ಡ್ ಬುಕ್‌ಹೋಲ್ಟ್ಸ್ ಎಂಬ ಜೀವವಿಜ್ಞಾನಿ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ ಹೇಂಟೆಗಳು ಈ ಎಳೆ ಉದ್ದವಿದ್ದ ಹುಂಜಗಳತ್ತಲೇ ಒಲಿದವು. ಅಂಥ ಹುಂಜಗಳ ಕರುಳಿನಲ್ಲಿ ಪರಾವಲಂಬಿ ಜೀವಿಗಳ ಕಾಟವೂ ಕಡಿಮೆ ಇತ್ತು. ಅಂದರೆ ಹೇಂಟೆ ಆ ಎಳೆಯನ್ನು ನೋಡಿ ಹುಂಜದ ಆರೋಗ್ಯವನ್ನು ಅಳೆಯುತ್ತದೆ.

ಎದೆಯಿಂದ ಜೋಲುವ ಒರಟು ಕಪ್ಪು ಗಡ್ಡ ಕೂದಲಲ್ಲ, ಮಾರ್ಪಟ್ಟ ಗರಿ. ಕೆಲವು ಹೇಂಟೆಗಳಿಗೂ ಅದು ಇರುತ್ತದೆ, ಆದ್ದರಿಂದ ಗಡ್ಡವೊಂದನ್ನೇ ನಂಬಿ ಗಂಡು ಎನ್ನಬೇಡಿ. ಎದೆಯ ಗರಿಗಳ ಅಂಚು ನೋಡಿ: ಕಪ್ಪು ಅಂಚಾದರೆ ಹುಂಜ, ಕಂದು ಅಂಚಾದರೆ ಹೇಂಟೆ. ಇನ್ನೊಂದು ಗುರುತು ನೆಲದ ಮೇಲೆಯೇ ಬಿದ್ದಿರುತ್ತದೆ. ಹುಂಜದ ಹಿಕ್ಕೆ ಉದ್ದವಾಗಿ ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಸಣ್ಣ ಗುಡ್ಡೆ.

ಈ ಹಕ್ಕಿಯ ಬಗ್ಗೆ ಓದಿದಷ್ಟೂ ನೋಡಿದಷ್ಟೂ ನನಗೆ ಎರಡು ಸಂಗತಿಗಳು ಮುಖ್ಯವಾಗಿ ಕಾಣುತ್ತವೆ. ಮರಿಗೆ ತಾಯಿ ಕಲಿಸುವ ಪಾಠ ಒಂದು, ಹಿಂಡಿನೊಳಗಿನ ಮೇಲು ಕೀಳಿನ ದರ್ಜೆ ಇನ್ನೊಂದು. ಬೀದಿಯಲ್ಲಿ ಇವು ನಮ್ಮೊಡನೆ ನಡೆದುಕೊಳ್ಳುವ ರೀತಿಯೂ, ಇವು ಈ ರಾಜ್ಯಕ್ಕೆ ಮರಳಿ ಬಂದ ಕಥೆಯೂ ಇವೆರಡರಿಂದಲೇ ಅರ್ಥವಾಗುತ್ತವೆ. ತಿಳಿದವರು ಬರೆಯಿರಿ, ತಿಳಿಯಬೇಕಾದವರು ಕೇಳಿರಿ.

ನಿವೃತ್ತ ಮೇಷ್ಟ್ರು (ಫ್ರೇಮಿಂಗ್‌ಹ್ಯಾಮ್, ಮಗನ ಮನೆಯಲ್ಲಿ)

ಅಮ್ಮಾ, ಬಹಳ ತಿಳಿವಳಿಕೆಯಿಂದ ಬರೆದಿದ್ದೀರಿ. ನನ್ನ ಪ್ರಶ್ನೆ ಮಾತ್ರ ನಿತ್ಯದ ಕಷ್ಟದ್ದು. ನಾನು ಸಂಜೆ ಕಾಲ್ನಡಿಗೆಗೆ ಹೊರಟರೆ ಎರಡು ಹುಂಜಗಳು ಬೆನ್ನು ಹತ್ತುತ್ತವೆ. ನಾನು ಹಿಂದೆ ಸರಿದಷ್ಟೂ ಅವು ಮುಂದೆ ಬರುತ್ತವೆ. ಪಕ್ಕದ ಮನೆಯವರ ಕಪ್ಪು ಕಾರಿನ ಬಾಗಿಲನ್ನು ದಿನಾ ಬೆಳಿಗ್ಗೆ ಕುಕ್ಕುತ್ತವೆ. ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಬ್ರೆಡ್ಡು, ಜೋಳ ಹಾಕುತ್ತಾರೆ. ಮೂಕ ಜೀವಕ್ಕೆ ಹಾಕಿದ ಅನ್ನ ಎಂದು ಮೊದಲು ನನಗೂ ಒಳ್ಳೆಯದೇ ಅನಿಸಿತ್ತು. ಇವು ಕಚ್ಚುತ್ತವೆಯೇ? ಮೊಮ್ಮಗಳನ್ನು ಕರೆದುಕೊಂಡು ಹೋಗಬಹುದೇ?

ಬೇಲಿಯಾಚೆ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೂರು ಸಂಗತಿಗಳೂ ಒಂದಕ್ಕೊಂದು ಹೆಣೆದುಕೊಂಡಿವೆ.

ಟರ್ಕಿ ಹಿಂಡಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಪ್ರತಿ ಹಕ್ಕಿಗೂ ಗೊತ್ತಿರುತ್ತದೆ. ಒಂದು ಕುಕ್ಕಿದರೆ ಇನ್ನೊಂದು ತಲೆ ತಗ್ಗಿಸಿ ಸರಿಯುತ್ತದೆ. ಹೇಂಟೆಗಳ ನಡುವೆಯೂ ಈ ದರ್ಜೆ ಇದೆ, ಹುಂಜಗಳ ನಡುವೆಯೂ ಇದೆ. ಕಾಡಿನಲ್ಲಿ ಮನುಷ್ಯ ಈ ಲೆಕ್ಕದ ಹೊರಗೆ. ಅವನು ಕಂಡರೆ ಓಟ. ಮನುಷ್ಯನ ಕೈಯಿಂದ ದಿನವೂ ಕಾಳು ಸಿಗತೊಡಗಿದರೆ ಆ ಭಯ ಹೋಗುತ್ತದೆ. ಆಮೇಲೆ ಅವು ನಮ್ಮನ್ನೂ ಹಿಂಡಿನ ಸದಸ್ಯರಂತೆ ಕಾಣುತ್ತವೆ, ನಮಗೂ ಒಂದು ದರ್ಜೆ ಕೊಡುತ್ತವೆ. ನೀವು ಹಿಂದೆ ಸರಿದಾಗ ಅವಕ್ಕೆ ತಿಳಿದದ್ದು ನೀವು ತಮಗಿಂತ ಕೆಳಗಿನವರು ಎಂದು. ಮಕ್ಕಳನ್ನು, ಅಂಜುವವರನ್ನು ಅವು ಹೆಚ್ಚು ಬೆನ್ನಟ್ಟುವುದು ಇದೇ ಕಾರಣಕ್ಕೆ.

ಕಾರಿನ ಬಾಗಿಲಿನಲ್ಲಿ ಕಾಣುವುದು ಅದರದೇ ಪ್ರತಿಬಿಂಬ. ವಸಂತದಲ್ಲಿ ಅದನ್ನು ಇನ್ನೊಂದು ಹುಂಜವೆಂದು ತಿಳಿದು ಕಾದಾಡುತ್ತದೆ. ಕಾರಿಗೆ ಬಟ್ಟೆ ಹೊದಿಸಿ ಬೇರೆ ಕಡೆ ನಿಲ್ಲಿಸಲು ಹೇಳಿ.

ನೀವು ಕೈಯಲ್ಲಿ ಕೊಡೆ ಹಿಡಿದು ಹೋಗಿ. ಹತ್ತಿರ ಬಂದರೆ ನಿಂತಲ್ಲೇ ನಿಂತು, ಅವುಗಳತ್ತ ತಿರುಗಿ, ಕೊಡೆಯನ್ನು ಫಟ್ಟೆಂದು ಬಿಚ್ಚಿ, ಗಟ್ಟಿಯಾಗಿ ಗದರಿಸಿ. ಅಂಗಳದಲ್ಲಿದ್ದರೆ ಪೊರಕೆ ಬೀಸಬಹುದು, ಪೈಪಿನಿಂದ ನೀರು ಚಿಮ್ಮಿಸಬಹುದು. ಪೆಟ್ಟಾಗುವಂತೆ ಹೊಡೆಯಬೇಕಿಲ್ಲ, ನೀವು ಮೇಲಿನವರು ಎಂದು ಗೊತ್ತುಮಾಡಿದರೆ ಸಾಕು. ಮನೆಯವರೆಲ್ಲ ಹೀಗೆಯೇ ನಡೆದುಕೊಳ್ಳಬೇಕು, ಒಬ್ಬರು ಹೆದರಿದರೂ ಅವು ಆ ಒಬ್ಬರನ್ನು ಗುರುತಿಟ್ಟುಕೊಳ್ಳುತ್ತವೆ. ಹಲ್ಲಿಲ್ಲದ ಕಾರಣ ಕಚ್ಚಲಾರವು, ಆದರೆ ಕೊಕ್ಕಿನ ಪೆಟ್ಟು ಮತ್ತು ಕಾಲಿನ ಮುಳ್ಳಿನ ಗೀರು ಸಣ್ಣ ಮಕ್ಕಳಿಗೆ ಅಪಾಯ. ಹುಂಜಗಳ ಈ ಆವೇಶ ಇಳಿಯುವ ತನಕ ಮೊಮ್ಮಗಳ ಕೈ ಬಿಡಬೇಡಿ.

ಕಾಳು ಹಾಕುವವರ ಜೊತೆ ಮಾತನಾಡುವುದು ಎಲ್ಲಕ್ಕಿಂತ ಮುಖ್ಯ. ಅನ್ನ ಹಾಕುವುದು ಪುಣ್ಯವೆಂದು ಬೆಳೆದವರು ನಾವು, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಈ ಹಕ್ಕಿಗೆ ಅದರಿಂದ ಆಗುವುದು ಕೇಡೇ. ಭಯ ಕಳೆದುಕೊಂಡ ಹುಂಜ ಒಬ್ಬರ ಮೇಲೆ ಎರಗಿತು ಎಂದರೆ ಕೊನೆಗೆ ಜೀವ ಹೋಗುವುದು ಅದರದೇ.

ಹಾವೇರಿ ಹೊಲ

ಅಕ್ಕಾ, ನಮ್ಮ ಕಡೆ ನವಿಲಿನ ಕಾಟ ನಿಮಗೆ ಗೊತ್ತಿರಬಹುದು. ಬಂಕಾಪುರದ ಕೋಟೆಯಲ್ಲಿ ನವಿಲುಧಾಮವೇ ಇದೆ. ಅಲ್ಲಿ ನೋಡಲು ಚೆಂದ, ಹೊಲಕ್ಕೆ ಬಂದರೆ ಮೊಳಕೆಯೊಡೆದ ಶೇಂಗಾ, ಗೋವಿನಜೋಳ ಉಳಿಯುವುದಿಲ್ಲ. ರಾಷ್ಟ್ರಪಕ್ಷಿ, ಕಾನೂನಿನ ರಕ್ಷಣೆ ಇದೆ, ಮುಟ್ಟುವಂತಿಲ್ಲ. ಟರ್ಕಿಯೂ ಗರಿ ಬಿಚ್ಚಿ ಕುಣಿಯುತ್ತದೆ ಎಂದು ಬರೆದಿದ್ದೀರಿ. ಇವೆರಡೂ ಸಂಬಂಧಿಕರೇ? ಅಲ್ಲಿನ ರೈತರು ಏನು ಹೇಳುತ್ತಾರೆ?

ಜೀವಶಾಸ್ತ್ರದ ವಿದ್ಯಾರ್ಥಿ (ಧಾರವಾಡ)

ಸಂಬಂಧಿಕರೇ ಸರ್. ನವಿಲು, ನಮ್ಮ ಕಾಡುಕೋಳಿ, ಕವುಜುಗ, ಟರ್ಕಿ ಎಲ್ಲ ಫೇಸಿಯಾನಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ನೆಲ ಕೆದರಿ ಮೇಯುವುದು, ನೆಲದಲ್ಲಿ ಮೊಟ್ಟೆಯಿಡುವುದು, ರಾತ್ರಿ ಮರ ಏರುವುದು, ಧೂಳಿನಲ್ಲಿ ಹೊರಳುವುದು ಎಲ್ಲವೂ ಮನೆತನದ ಗುಣ. ಆದರೆ ಕುಣಿಯುವಾಗ ಎತ್ತುವ ಗರಿ ಬೇರೆ. ನವಿಲು ಎತ್ತುವುದು ಬಾಲವನ್ನಲ್ಲ, ಬಾಲದ ಮೇಲೆ ಹೊದ್ದ ಉದ್ದನೆಯ ಗರಿಗಳನ್ನು. ನಿಜವಾದ ಬಾಲ ಹಿಂದೆ ನಿಂತು ಅದಕ್ಕೆ ಆಸರೆ ಕೊಡುತ್ತದೆ. ಟರ್ಕಿ ಬಿಚ್ಚುವ ಬೀಸಣಿಗೆ ಬಾಲವೇ, ಸಾಮಾನ್ಯವಾಗಿ 18 ಗರಿಗಳು. ಒಂದು ವರ್ಷದ ಎಳೆಯ ಹುಂಜದಲ್ಲಿ ನಡುವಿನ ಗರಿಗಳು ಅಕ್ಕಪಕ್ಕದವಕ್ಕಿಂತ ಉದ್ದ ಇರುತ್ತವೆ. ಬೀಸಣಿಗೆಯ ಅಂಚು ಸಮವಾಗಿದ್ದರೆ ಅದು ಬಲಿತ ಹುಂಜ.

ಬೇಲಿಯಾಚೆ

ಹಾವೇರಿಯ ಅಣ್ಣನವರಿಗೆ: ಇಲ್ಲಿಯ ರೈತರೂ ಟರ್ಕಿಯ ಮೇಲೆ ದೂರು ಹೇಳುತ್ತಾರೆ. ಇಂಡಿಯಾನಾ ರಾಜ್ಯದಲ್ಲಿ ಸಂಶೋಧಕರು ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಹಾನಿಯನ್ನು ಗಿಡಗಿಡವೂ ಪರಿಶೀಲಿಸಿದಾಗ ಬಹುಪಾಲು ಹಾನಿ ಜಿಂಕೆಗಳದು ಮತ್ತು ರಕೂನ್ ಎಂಬ ನಿಶಾಚರ ಪ್ರಾಣಿಯದು ಎಂದು ತಿಳಿಯಿತು. ಅವು ರಾತ್ರಿ ತಿಂದು ಹೋಗುತ್ತವೆ, ಟರ್ಕಿ ಹಗಲು ಬಂದು ಉದುರಿದ ಕಾಳು, ಹುಳು ಹೆಕ್ಕುತ್ತದೆ. ಕಣ್ಣಿಗೆ ಬಿದ್ದವರ ಮೇಲೆ ಆರೋಪ. ನಿಮ್ಮ ನವಿಲಿನ ಹಾನಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದ ನಷ್ಟ, ಪರಿಹಾರ ಸಿಗಬೇಕಾದ ನಷ್ಟ.

ಟರ್ಕಿಯ ಮುಖ್ಯ ಆಹಾರ ಶರತ್ಕಾಲ ಮತ್ತು ಚಳಿಗಾಲದಲ್ಲಿ ಓಕ್, ಬೀಚ್ ಮರಗಳ ಕಾಯಿ. ಸಿಪ್ಪೆ ಸುಲಿಯದೆ ಇಡಿಯಾಗಿ ನುಂಗುತ್ತದೆ. ಹೊಟ್ಟೆಯೊಳಗಿನ ದಪ್ಪ ಸ್ನಾಯುವಿನ ಚೀಲ, ನುಂಗಿಟ್ಟುಕೊಂಡ ಸಣ್ಣ ಕಲ್ಲುಗಳ ಸಹಾಯದಿಂದ ಅದನ್ನು ಅರೆಯುತ್ತದೆ. ಬಹಳ ಗಟ್ಟಿಯಾದ ಹಿಕರಿ ಕಾಯಿಯ ಚಿಪ್ಪನ್ನೂ ಅದು ಒಡೆಯುತ್ತದೆ. ಹಿಮ ಮೊಣಕಾಲುದ್ದ ಬಿದ್ದು ನೆಲ ಕೆದರಲಾಗದ ದಿನಗಳಲ್ಲಿ ಮರದ ಮೇಲೆಯೇ ಕೂತು ಉಪವಾಸ ಇರುತ್ತದೆ. ಒಂದು ವಾರ ಏನೂ ತಿನ್ನದೆ ಬದುಕಬಲ್ಲದು.

ಜೀವಶಾಸ್ತ್ರದ ವಿದ್ಯಾರ್ಥಿ

ಮೇಡಂ, ದರ್ಜೆಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಷ್ಟ್ರನ್ನು ಹಿಂಬಾಲಿಸುವ ಎರಡು ಹುಂಜಗಳು ಬಹುಶಃ ಅಣ್ಣತಮ್ಮಂದಿರು. ಟೆಕ್ಸಸ್ಸಿನ ವೆಲ್ಡರ್ ವನ್ಯಧಾಮದಲ್ಲಿ ವಾಟ್ಸ್ ಮತ್ತು ಸ್ಟೋಕ್ಸ್ ಎಂಬಿಬ್ಬರು ಮಾಡಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಒಂದೇ ತಾಯಿಯ ಗಂಡುಮರಿಗಳು ಆರೇಳು ತಿಂಗಳಿಗೆ ತಾಯಿಯಿಂದ ಬೇರೆಯಾಗುತ್ತವೆ. ಆಗ ತಮ್ಮತಮ್ಮಲ್ಲೇ ಕಾದಾಡಿ ಯಾರು ಹಿರಿಯ ಎಂದು ತೀರ್ಮಾನಿಸಿಕೊಳ್ಳುತ್ತವೆ. ಆ ತೀರ್ಮಾನ ಸಾಮಾನ್ಯವಾಗಿ ಬದುಕಿನುದ್ದಕ್ಕೂ ನಿಲ್ಲುತ್ತದೆ. ಆಮೇಲೆ ಅಣ್ಣತಮ್ಮಂದಿರ ಗುಂಪು ಇನ್ನೊಂದು ಗುಂಪಿನೊಡನೆ ಸೆಣಸುತ್ತದೆ.

ವಸಂತದಲ್ಲಿ ಇವು ಒಟ್ಟಾಗಿ ಗರಿ ಬಿಚ್ಚಿ ಮೆರೆಯುತ್ತವೆ, ಆದರೆ ಹೇಂಟೆಯನ್ನು ಕೂಡುವುದು ಹಿರಿಯ ಮಾತ್ರ. ಹಾಗಾದರೆ ತಮ್ಮಂದಿರಿಗೆ ಏನು ಲಾಭ? ಕ್ಯಾಲಿಫೋರ್ನಿಯಾದ ಹೇಸ್ಟಿಂಗ್ಸ್ ಮೀಸಲು ಪ್ರದೇಶದಲ್ಲಿ ಅಲನ್ ಕ್ರಾಕವರ್ ಎಂಬ ಸಂಶೋಧಕರು ರಕ್ತದ ಮಾದರಿಗಳಿಂದ ಯಾವ ಮರಿ ಯಾವ ಹುಂಜದ್ದು ಎಂದು ಪತ್ತೆ ಮಾಡಿ 2005ರಲ್ಲಿ ಉತ್ತರ ಕೊಟ್ಟರು. ಸಹಾಯಕ್ಕೆ ನಿಂತ ತಮ್ಮನಿಗೆ ಒಂದೂ ಮರಿ ಇಲ್ಲ. ಆದರೆ ತಮ್ಮಂದಿರ ಬೆಂಬಲವಿರುವ ಹಿರಿಯನಿಗೆ ಒಂಟಿ ಹುಂಜಕ್ಕಿಂತ ಹಲವು ಪಟ್ಟು ಹೆಚ್ಚು ಮರಿಗಳು. ಆ ಮರಿಗಳಲ್ಲಿ ತಮ್ಮನ ರಕ್ತದ ಪಾಲೂ ಇದೆ. ಒಂಟಿಯಾಗಿ ಹೋರಾಡಿ ಪಡೆಯುವುದಕ್ಕಿಂತ ಅಣ್ಣನ ಪಕ್ಕದಲ್ಲಿ ನಿಂತರೆ ಅವನ ವಂಶದ ಪಾಲು ಹೆಚ್ಚಾಗುತ್ತದೆ. ಬಂಧುತ್ವದ ಆಯ್ಕೆ ಎಂದು ತರಗತಿಯಲ್ಲಿ ಓದುವ ಸಿದ್ಧಾಂತಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಹಕ್ಕಿಗಳಲ್ಲಿ ವಿರಳ.

ಹಿಲ್ ಕಂಟ್ರಿ (ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯದು ರಿಯೊ ಗ್ರಾಂಡೆ ಉಪಜಾತಿ. ನ್ಯೂ ಇಂಗ್ಲೆಂಡಿನ, ಅಂದರೆ ಮ್ಯಾಸಚೂಸೆಟ್ಸ್ ಇರುವ ಈಶಾನ್ಯ ಸೀಮೆಯ, ಹಕ್ಕಿಗೆ ಬಾಲದ ತುದಿ ಗಾಢ ಕಂದು, ಇವಕ್ಕೆ ಮಾಸಲು ಹಳದಿ. ಒಣ ಪ್ರದೇಶದವು, ಆದ್ದರಿಂದ ತೊರೆಯ ದಡದ ಎತ್ತರದ ಮರಗಳನ್ನು ಬಿಟ್ಟು ಹೋಗುವುದಿಲ್ಲ. ಚಳಿಗಾಲದಲ್ಲಿ ವರ್ಷ ವರ್ಷವೂ ಅದೇ ಮರಗಳಿಗೆ ನೂರಾರು ಹಕ್ಕಿಗಳು ಬಂದು ಕೂರುತ್ತವೆ. ಅಂಥ ಮರಗಳನ್ನು ಕಡಿದರೆ ಹಿಂಡು ಆ ಸೀಮೆಯನ್ನೇ ತೊರೆಯುತ್ತದೆ.

ಒಂದು ಮಾತು ಹೇಳಲೇಬೇಕು. ನಾನು ಪರವಾನಗಿ ಪಡೆದು ಬೇಟೆಯಾಡುವವನು. ಈ ಹಕ್ಕಿ ಇಂದು ಉಳಿದಿದ್ದರೆ ಬೇಟೆಗಾರರ ಹಣದಿಂದ. 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ವಸಂತದಲ್ಲಿ ಬಹುತೇಕ ಕಡೆ ಹುಂಜಗಳನ್ನು ಅಥವಾ ಗಡ್ಡವಿರುವ ಹಕ್ಕಿಗಳನ್ನು ಮಾತ್ರ ಹೊಡೆಯಲು ಅನುಮತಿ. ಇದನ್ನು ಮರೆತು ಮಾತನಾಡಬಾರದು.

ನಿವೃತ್ತ ಮೇಷ್ಟ್ರು

ಕಾಪಾಡಿದ್ದೇವೆ ಎಂದು ಹೇಳಿ ಕೊಲ್ಲುವುದು ನನ್ನ ಮನಸ್ಸಿಗೆ ಒಪ್ಪದು ಸ್ವಾಮಿ. ಈ ಹಕ್ಕಿ ಕಣ್ಮರೆಯಾಗುವಂತೆ ಮಾಡಿದವರು ಯಾರು? ಅದೂ ಬಂದೂಕಿನವರೇ ಅಲ್ಲವೇ?

ಬೇಲಿಯಾಚೆ

ಇಬ್ಬರ ಮಾತಿನಲ್ಲೂ ಸತ್ಯವಿದೆ, ಮತ್ತು ನಡೆದದ್ದನ್ನು ಪೂರ್ತಿ ಹೇಳದೆ ಈ ವಾದ ಮುಗಿಯುವುದಿಲ್ಲ.

ಯುರೋಪಿನವರು ಬಂದಾಗ ನ್ಯೂ ಇಂಗ್ಲೆಂಡಿನಲ್ಲಿ ಟರ್ಕಿ ಧಾರಾಳವಾಗಿತ್ತು. ಹೊಲಕ್ಕೆಂದು ಕಾಡು ಕಡಿದರು, ಮಾರುಕಟ್ಟೆಗೆಂದು ಮಿತಿಯಿಲ್ಲದೆ ಹೊಡೆದರು. ಮ್ಯಾಸಚೂಸೆಟ್ಸಿನ ಕೊನೆಯ ಟರ್ಕಿ ಮೌಂಟ್ ಟಾಮ್ ಬೆಟ್ಟದಲ್ಲಿ 1851ರಲ್ಲಿ ಸತ್ತಿತು. ಆಮೇಲೆ ರೈತರು ಪಶ್ಚಿಮದ ಒಳ್ಳೆಯ ಭೂಮಿಗೆ ಗುಳೆ ಹೋದರು, ಬೀಳುಬಿದ್ದ ಹೊಲಗಳಲ್ಲಿ ಕಾಡು ತಾನಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಂದ ಶಿಲೀಂಧ್ರ ರೋಗ ಅಮೆರಿಕನ್ ಚೆಸ್ಟ್‌ನಟ್ ಮರಗಳನ್ನು ಅಳಿಸಿಹಾಕಿತು. ಟರ್ಕಿಗೆ ಅದು ಬಹಳ ದೊಡ್ಡ ಮೇವಾಗಿತ್ತು. ಓಕ್ ಉಳಿಯಿತು. ಅಂತೂ ಕಾಡು ಸಿದ್ಧವಾಯಿತು, ಹಕ್ಕಿ ಇಲ್ಲ.

1911ರಿಂದ 1967ರವರೆಗೆ ಮತ್ತೆ ಮತ್ತೆ ಪ್ರಯತ್ನಿಸಿದರು. ಪಂಜರದಲ್ಲಿ ಬೆಳೆಸಿದ ಹಕ್ಕಿಗಳನ್ನು ತಂದು ಬಿಟ್ಟರು. ಪ್ರತಿ ಸಲವೂ ಸೋಲು. ಈ ರಾಜ್ಯವೊಂದೇ ಅಲ್ಲ, ದೇಶದ ಉದ್ದಗಲಕ್ಕೂ ಇದೇ ಅನುಭವ. ಕಾವುಪೆಟ್ಟಿಗೆಯಲ್ಲಿ ಒಡೆದು, ತಟ್ಟೆಯಲ್ಲಿ ಮೇವು ತಿಂದು ಬೆಳೆದ ಹಕ್ಕಿಗೆ ಗಿಡುಗನ ನೆರಳು ಬಿದ್ದಾಗ ಏನು ಮಾಡಬೇಕೆಂದು ತಿಳಿಯದು. ಯಾವ ಮರದ ಯಾವ ಕೊಂಬೆ ರಾತ್ರಿಗೆ ಕ್ಷೇಮ, ಹಿಮ ಬಿದ್ದರೆ ಯಾವ ಇಳಿಜಾರಿನಲ್ಲಿ ನೆಲ ಬೇಗ ಬಿಸಿಲು ಕಾಣುತ್ತದೆ, ಇವನ್ನು ಹೇಳಿಕೊಡಲು ತಾಯಿ ಇರಲಿಲ್ಲ. ನರಿ, ಕಾಡುಬೆಕ್ಕು, ದೊಡ್ಡ ಗೂಬೆಗಳ ಬಾಯಿಗೆ ಬಿದ್ದು ಮುಗಿದುಹೋದವು.

ದಾರಿ ತೆರೆದದ್ದು ಕಾಡುಹಕ್ಕಿಯನ್ನೇ ಹಿಡಿದು ಸಾಗಿಸುವ ಉಪಾಯ. ನೆಲದಲ್ಲಿ ಜೋಳ ಚೆಲ್ಲಿ, ಪಕ್ಕದಲ್ಲಿ ಮಡಿಸಿಟ್ಟ ಬಲೆಯನ್ನು ಎಲೆಯ ಕೆಳಗೆ ಮರೆಮಾಡಿ, ಹಿಂಡು ತಲೆ ತಗ್ಗಿಸಿ ಮೇಯುವ ಕ್ಷಣಕ್ಕೆ ಸಿಡಿಮದ್ದಿನಿಂದ ಬಲೆಯನ್ನು ಹಾರಿಸಿ ಮೇಲೆ ಬೀಳಿಸುವುದು. 1950ರ ದಶಕದಿಂದ ಇದು ಎಲ್ಲೆಡೆ ಹಬ್ಬಿತು. 1972 ಮತ್ತು 73ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೀಗೆ ಹಿಡಿದ 37 ಹಕ್ಕಿಗಳನ್ನು ಮ್ಯಾಸಚೂಸೆಟ್ಸಿನ ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. 1978ರ ಹೊತ್ತಿಗೆ ಸುಮಾರು ಸಾವಿರವಾದವು. ಅಲ್ಲಿಂದ ಹಿಡಿದು ಉಳಿದ ಜಿಲ್ಲೆಗಳಿಗೆ ಹಂಚಿದರು. ಇಂದು ಈ ರಾಜ್ಯದಲ್ಲಿ 25,000ಕ್ಕೂ ಹೆಚ್ಚು ಇವೆ. ಪಕ್ಕದ ವರ್ಮಾಂಟ್ ಅದಕ್ಕೂ ಮೊದಲೇ 31 ಹಕ್ಕಿಗಳಿಂದ ಶುರುಮಾಡಿತ್ತು. ಅರ್ಧ ಶತಮಾನದ ಸೋಲನ್ನು 37 ಹಕ್ಕಿಗಳು ಗೆಲುವಾಗಿಸಿದವು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಈ ಕೆಲಸಕ್ಕೆ ಬೇಟೆಗಾರರ ತೆರಿಗೆಯ ಹಣ ಬಂದದ್ದು ನಿಜ. ಕಾಡುಮಾಂಸದ ಮಾರಾಟಕ್ಕೆ ತಡೆ ಬಿದ್ದದ್ದು, ಕಾಡು ಮರಳಿ ಬೆಳೆದದ್ದು ಅಷ್ಟೇ ದೊಡ್ಡ ಕಾರಣಗಳು. ಈಗ ಆಗ್ನೇಯ ರಾಜ್ಯಗಳಲ್ಲಿ ಸಂಖ್ಯೆ ಮತ್ತೆ ಇಳಿಯುತ್ತಿದೆ. ಹೇಂಟೆಗಳು ಕೂಡುವ ಮೊದಲೇ ಹಿರಿಯ ಹುಂಜಗಳು ಬೇಟೆಗೆ ಬಲಿಯಾದರೆ ಸಂತಾನಕ್ಕೆ ಪೆಟ್ಟು ಬೀಳಬಹುದು ಎಂಬ ಚಿಂತೆಯಿಂದ ಟೆನ್ನೆಸ್ಸೀಯಂಥ ರಾಜ್ಯಗಳು ಬೇಟೆಯ ಋತುವನ್ನು ತಡವಾಗಿ ಆರಂಭಿಸುತ್ತಿವೆ. ಬೇಟೆಗಾರರೇ ಮುಂದೆ ನಿಂತು ಇದನ್ನು ಒಪ್ಪಬೇಕು ಎಂಬುದು ನನ್ನ ನಿಲುವು.

ಹಿಲ್ ಕಂಟ್ರಿ

ಋತು ತಡಮಾಡುವುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೇಷ್ಟ್ರ ಮಾತನ್ನೂ ಗೌರವಿಸುತ್ತೇನೆ.

ಜೀವಶಾಸ್ತ್ರದ ವಿದ್ಯಾರ್ಥಿ

ಮೇಡಂ, ಪಂಜರದ ಹಕ್ಕಿ ಸೋತದ್ದಕ್ಕೆ ತಾಯಿಯಿಲ್ಲದ್ದು ಮಾತ್ರ ಕಾರಣವಲ್ಲ, ರಕ್ತವೂ ಕಾರಣ. ಆಗ ಬಿಟ್ಟ ಹಕ್ಕಿಗಳಲ್ಲಿ ಅನೇಕವು ಸಾಕು ಟರ್ಕಿಯ ಮಿಶ್ರ ತಳಿ. ಸ್ಟಾರ್ಕರ್ ಲಿಯೊಪೋಲ್ಡ್ ಎಂಬ ವನ್ಯಜೀವಿ ವಿಜ್ಞಾನಿ ಮಿಸೌರಿಯಲ್ಲಿ ಮಿಶ್ರ ತಳಿಯನ್ನೂ ಕಾಡು ತಳಿಯನ್ನೂ ಹೋಲಿಸಿ 1944ರಲ್ಲಿ ಬರೆದರು. ಮಿಶ್ರ ತಳಿಯ ಮಿದುಳು, ಅಪಾಯದಲ್ಲಿ ಮೈಯನ್ನು ಎಚ್ಚರಿಸುವ ಅಡ್ರಿನಲ್ ಗ್ರಂಥಿ ಕಾಡು ತಳಿಗಿಂತ ಚಿಕ್ಕವು. ಹೇಂಟೆಗಳು ಋತುವಿಗೆ ಮುಂಚೆಯೇ ಮೊಟ್ಟೆಯಿಡುತ್ತವೆ, ಚಳಿಗೆ ಮರಿ ಸಾಯುತ್ತದೆ. ಎಚ್ಚರಿಕೆಯ ಕೂಗು ಕೇಳಿದರೂ ಮರಿಗಳು ಅಡಗಿ ಕೂರುವುದರಲ್ಲಿ ಹಿಂದೆ.

ಬೇಲಿಯಾಚೆ

ಸರಿಯಾದ ಸೇರ್ಪಡೆ. ಕಾಡುಗುಣ ಹುಟ್ಟಿನಿಂದ ಬರಬೇಕು, ಆಮೇಲೆ ತಾಯಿ ಅದನ್ನು ತಿದ್ದಬೇಕು. ಆ ತಿದ್ದುವ ಕೆಲಸ ಮೊಟ್ಟೆಯೊಳಗಿಂದಲೇ ಶುರುವಾಗುತ್ತದೆ.

ಹೇಂಟೆ ಮರದ ಬುಡದಲ್ಲೋ ಪೊದೆಯ ಕೆಳಗೋ ನೆಲವನ್ನು ಸ್ವಲ್ಪ ತಗ್ಗು ಮಾಡಿ, ಒಣ ಎಲೆಗಳ ಮೇಲೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಮಾಸಲು ಬಿಳಿ, ಮೇಲೆ ಕೆಂಗಂದು ಚುಕ್ಕಿ. ದಿನಕ್ಕೊಂದರಂತೆ ಸುಮಾರು ಎರಡು ವಾರ. ಎಲ್ಲ ಮುಗಿಯುವ ತನಕ ಕಾವು ಕೂರುವುದಿಲ್ಲ, ಎಲೆ ಮುಚ್ಚಿ ಮೇವಿಗೆ ಹೋಗುತ್ತದೆ. ಆದ್ದರಿಂದಲೇ ಮೊದಲು ಇಟ್ಟದ್ದೂ ಕೊನೆಗೆ ಇಟ್ಟದ್ದೂ ಒಂದೇ ಹೊತ್ತಿಗೆ ಒಡೆಯುತ್ತವೆ. ಕಾವು 28 ದಿನ. ಹುಂಜದ ಸಹಾಯ ಒಂದಿಷ್ಟೂ ಇಲ್ಲ. ರಕೂನ್, ಸ್ಕಂಕ್, ಹಾವು, ಕಾಗೆ ಎಲ್ಲಕ್ಕೂ ಮೊಟ್ಟೆಯ ಮೇಲೆ ಕಣ್ಣು, ಅರ್ಧಕ್ಕಿಂತ ಹೆಚ್ಚು ಗೂಡುಗಳು ಹಾಳಾಗುತ್ತವೆ.

ಒಡೆಯುವ ಹೊತ್ತಿಗೆ ಚಿಪ್ಪಿನೊಳಗಿಂದ ಮರಿ ಸದ್ದು ಮಾಡುತ್ತದೆ, ತಾಯಿ ಮೆಲುದನಿಯಲ್ಲಿ ಮರುದನಿ ಕೊಡುತ್ತದೆ. ಹೊರಗೆ ಬರುವ ಮೊದಲೇ ಮರಿಗೆ ತಾಯಿಯ ದನಿ ಗೊತ್ತು. ತಾಯಿಗೂ ಮರಿಯ ದನಿಯೇ ಎಲ್ಲ. 1960ರಲ್ಲಿ ವುಲ್ಫ್‌ಗ್ಯಾಂಗ್ ಶ್ಲೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕಿವಿ ಕೇಳದಂತೆ ಮಾಡಿದ ಸಾಕು ಟರ್ಕಿ ಹೇಂಟೆಗಳು ತಮ್ಮ ಮರಿಗಳನ್ನೇ ಕುಕ್ಕಿ ಕೊಂದವು. ಗೂಡಿನ ಹತ್ತಿರ ಅಲುಗಾಡುವುದೆಲ್ಲ ಶತ್ರು, ಚಿಲಿಪಿಲಿ ಎಂದರೆ ಮಾತ್ರ ಮರಿ. ಆ ಪ್ರಯೋಗದ ಕ್ರೌರ್ಯ ನನಗೆ ಹಿಡಿಸುವುದಿಲ್ಲ, ಆದರೆ ಅದು ತಿಳಿಸಿದ್ದನ್ನು ಮರೆಯಲೂ ಆಗುವುದಿಲ್ಲ.

ಹುಟ್ಟಿದ ಒಂದು ದಿನದೊಳಗೆ ತಾಯಿ ಎಲ್ಲವನ್ನೂ ಗೂಡಿನಿಂದ ಹೊರಡಿಸುತ್ತದೆ. ಮತ್ತೆ ಆ ಗೂಡಿಗೆ ಹೋಗುವುದಿಲ್ಲ. ಮೊದಲ ವಾರಗಳಲ್ಲಿ ಮರಿಗೆ ಬೇಕಾದದ್ದು ಕಾಳಲ್ಲ, ಹುಳ, ಮಿಡತೆ. ಹಾಗಾಗಿ ತಾಯಿ ಅವನ್ನು ಹುಲ್ಲುಬಯಲಿನ ಅಂಚಿಗೆ ಕರೆದೊಯ್ಯುತ್ತದೆ. ಎಚ್ಚರಿಕೆಯ ಒಂದು ಸಣ್ಣ ಸದ್ದಿಗೆ ಮರಿಗಳೆಲ್ಲ ಇದ್ದಲ್ಲೇ ನೆಲಕ್ಕೆ ಅಂಟಿ ಕೂರುತ್ತವೆ. ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಮೊದಲ ಎರಡು ವಾರ ಮರ ಏರಲು ಬಾರದು, ರಾತ್ರಿ ನೆಲದ ಮೇಲೆ ತಾಯಿಯ ರೆಕ್ಕೆಯ ಕೆಳಗೆ. ಇದೇ ಅತ್ಯಂತ ಅಪಾಯದ ಕಾಲ. ತಣ್ಣನೆಯ ಮಳೆ ಹಿಡಿದರೆ ತುಪ್ಪುಳು ನೆನೆದು ಸಾಯುತ್ತವೆ. ಅರ್ಧಕ್ಕಿಂತ ಹೆಚ್ಚು ಮರಿಗಳು ಒಂದು ತಿಂಗಳು ತುಂಬುವ ಮೊದಲೇ ಇಲ್ಲವಾಗುತ್ತವೆ. ರೆಕ್ಕೆ ಬಲಿತ ಮೇಲೆ ತಾಯಿ ತಗ್ಗಿನ ಕೊಂಬೆಗೆ ಹಾರಿ ಕೂಗುತ್ತದೆ, ಮರಿಗಳು ಒಂದೊಂದಾಗಿ ಹಾರಿ ಅಕ್ಕಪಕ್ಕ ಸೇರಿಕೊಳ್ಳುತ್ತವೆ.

ಸಾನ್ ಹೋಸೆ ಕನ್ನಡತಿ

ನಮ್ಮ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲೂ ಬೇಕಾದಷ್ಟಿವೆ. ಇಲ್ಲಿ ಇವು ಮೂಲದವೋ ತಂದು ಬಿಟ್ಟವೋ ಎಂದು ನಮ್ಮ ಚಾರಣದ ಗುಂಪಿನಲ್ಲಿ ಯಾವಾಗಲೂ ವಾದ.

ಹಿಲ್ ಕಂಟ್ರಿ

ತಂದು ಬಿಟ್ಟವು. ಅಲ್ಲಿನ ಹಿಂಡುಗಳ ಹಿರಿಯರು ಬಹುಪಾಲು ನಮ್ಮ ಟೆಕ್ಸಸ್ಸಿನಿಂದ ಹೋದ ರಿಯೊ ಗ್ರಾಂಡೆ ಹಕ್ಕಿಗಳು. 1959ರಿಂದ ಸರ್ಕಾರವೇ ಬಿಟ್ಟಿತು. ಆದರೆ ಬಹು ಹಿಂದೆ, ಹಿಮಯುಗದಲ್ಲಿ, ಅಲ್ಲಿಯೇ ಬೇರೊಂದು ಟರ್ಕಿ ಜಾತಿ ಇತ್ತು. ಲಾಸ್ ಏಂಜಲೀಸಿನ ಲಾ ಬ್ರಿಯಾ ಡಾಂಬರು ಹೊಂಡಗಳಲ್ಲಿ ಅದರ ಎಲುಬುಗಳು ರಾಶಿರಾಶಿಯಾಗಿ ಸಿಕ್ಕಿವೆ. ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋಯಿತು.

ಹಳೆಯ ಪುಟ (ಬೆಂಗಳೂರು)

ಬಣ್ಣ ಬದಲಾಗುವ ತಲೆಯ ಬಗ್ಗೆ ಓದಿದಾಗ ನೆನಪಾಯಿತು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಪೋರ್ಚುಗೀಸರ ಗೋವೆಯ ಬಂದರಿನಿಂದ ಅಪರೂಪದ ಪ್ರಾಣಿಪಕ್ಷಿಗಳನ್ನು ತಂದು ಜಹಾಂಗೀರನಿಗೆ ಒಪ್ಪಿಸಿದ. ಅವುಗಳಲ್ಲಿ ಒಂದು ಟರ್ಕಿ ಹುಂಜ. ಬಾದಶಹ ತನ್ನ ಆತ್ಮಕಥೆಯಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ್ದಾನೆ: ಮದವೇರಿದಾಗ ನವಿಲಿನಂತೆ ಗರಿ ಕೆದರಿ ಕುಣಿಯುತ್ತದೆ, ತಲೆ ಕತ್ತಿನ ಬಣ್ಣ ಗೋಸುಂಬೆಯಂತೆ ಬದಲಾಗುತ್ತದೆ, ಕೊಕ್ಕಿನ ಮೇಲಿನ ಮಾಂಸದ ಎಳೆ ಒಮ್ಮೆ ಉದ್ದವಾಗಿ ಜೋತುಬೀಳುತ್ತದೆ, ಒಮ್ಮೆ ಗಿಡ್ಡವಾಗಿ ಕೊಂಬಿನ ಹಾಗೆ ನಿಲ್ಲುತ್ತದೆ. ಆ ಹಕ್ಕಿಯ ಚಿತ್ರವನ್ನು ಆಸ್ಥಾನದ ಚಿತ್ರಕಾರ ಮನ್ಸೂರ್ ಬರೆದನೆಂದು ಹೇಳುತ್ತಾರೆ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕೆನ್ನೆಯ ನೀಲಿ, ಕತ್ತಿನ ಕೆಂಪು ಗಂಟುಗಳು ಒಂದೊಂದನ್ನೂ ಬಿಡದೆ ಬರೆದಿದ್ದಾನೆ. ಆ ಹಕ್ಕಿಯ ಮೂಲ ಮಾತ್ರ ನೀವು ಹೇಳುವ ನ್ಯೂ ಇಂಗ್ಲೆಂಡ್ ಅಲ್ಲ. ಸಾಕು ಟರ್ಕಿಗಳೆಲ್ಲ ಮೆಕ್ಸಿಕೊದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ ಹಕ್ಕಿಗಳ ವಂಶ. ಸ್ಪೇನಿನವರು ಅವನ್ನು ಯುರೋಪಿಗೆ ಒಯ್ದರು.

ಬೇಲಿಯಾಚೆ

ಎಷ್ಟು ಒಳ್ಳೆಯ ಮಾಹಿತಿ! ವಿಜ್ಞಾನಿಗಳು ಅಳತೆಪಟ್ಟಿ ಹಿಡಿಯುವ ಸುಮಾರು ನಾಲ್ಕು ಶತಮಾನಗಳ ಹಿಂದೆಯೇ ಆ ಮಾಂಸದ ಎಳೆಯ ಏರಿಳಿತವನ್ನು ಒಬ್ಬ ಬಾದಶಹ ಗಮನಿಸಿ ಬರೆದಿಟ್ಟನಲ್ಲ.

ನಿವೃತ್ತ ಮೇಷ್ಟ್ರು

ಕೊಡೆಯ ಉಪಾಯ ಫಲಿಸಿತು ಅಮ್ಮಾ. ಮಗ ಆ ಮನೆಯವರೊಡನೆಯೂ ಮಾತನಾಡಿದ್ದಾನೆ, ಕಾಳು ಹಾಕುವುದನ್ನು ಬಿಡುತ್ತೇವೆ ಎಂದಿದ್ದಾರೆ. ಇನ್ನೆರಡು ಸಂದೇಹಗಳಿವೆ. ಸತ್ತ ಬೆಕ್ಕೊಂದರ ಸುತ್ತ ಟರ್ಕಿಗಳು ಸಾಲಾಗಿ ಪ್ರದಕ್ಷಿಣೆ ಹಾಕುವ ವಿಡಿಯೊ ಮೊಮ್ಮಗಳು ತೋರಿಸಿದಳು. ಅದೇನು ಶೋಕವೇ? ಮತ್ತೆ, ಟರ್ಕಿ ಉಣ್ಣಿಗಳನ್ನು ತಿನ್ನುವುದರಿಂದ ಲೈಮ್ ಕಾಯಿಲೆ ಕಡಿಮೆಯಾಗುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ನಾನು ಮಂಗನ ಕಾಯಿಲೆಯ ಸೀಮೆಯವನು, ಉಣ್ಣಿ ಎಂದರೆ ಭಯ.

ಬೇಲಿಯಾಚೆ

ಆ ವಿಡಿಯೊ 2017ರ ಮಾರ್ಚಿನಲ್ಲಿ ಬಾಸ್ಟನ್ ಹತ್ತಿರದ ರ್‍ಯಾಂಡಾಲ್ಫ್ ಊರಿನದು. ಶೋಕ ಎನ್ನಲು ಆಧಾರವಿಲ್ಲ. ಬೆಕ್ಕಿನ ಜಾತಿಯೇ ಅವುಗಳ ಶತ್ರು. ಶತ್ರು ಅಲುಗಾಡದೆ ಬಿದ್ದಿದೆ. ಅಪಾಯ ಇದೆಯೋ ಇಲ್ಲವೋ ಎಂದು ದೂರ ಉಳಿಸಿಕೊಂಡು ಪರೀಕ್ಷಿಸುತ್ತಿರಬೇಕು ಎಂಬುದು ತಜ್ಞರ ವಿವರಣೆ. ಮುಂದಿನ ಹಕ್ಕಿಯ ಬಾಲವನ್ನು ಹಿಂಬಾಲಿಸುವುದು ಇವುಗಳ ಅಭ್ಯಾಸ, ಹಾಗಾಗಿ ಪರೀಕ್ಷೆ ಸುತ್ತಾಟವಾಗಿ ಬಿಡುವುದು ಸಹಜ.

ಉಣ್ಣಿಯ ವಿಷಯದಲ್ಲಿ ಟರ್ಕಿಯನ್ನು ನಂಬಿ ಕೂರಬೇಡಿ. ಅವು ಉಣ್ಣಿ ತಿನ್ನುವುದು ನಿಜ, ಆದರೆ ಅದರಿಂದ ಅಂಗಳದ ಉಣ್ಣಿ ಗಮನಾರ್ಹವಾಗಿ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಉದ್ದ ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಮೊಮ್ಮಗಳ ಕೂದಲಿನ ಬುಡದಲ್ಲಿ ತಪ್ಪದೆ ನೋಡಿ.

ಇನ್ನು ಜೂನ್ ಬರುತ್ತದೆ, ಮರಿಗಳ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಮ್ಯಾಸಚೂಸೆಟ್ಸಿನ ವನ್ಯಜೀವಿ ಇಲಾಖೆ ಸಾರ್ವಜನಿಕರಿಂದ ಟರ್ಕಿ ಮರಿಗಳ ಲೆಕ್ಕ ಕೇಳುತ್ತದೆ. ಈ ವೇದಿಕೆಯಲ್ಲಿರುವ ಇಲ್ಲಿನ ಕನ್ನಡಿಗರೆಲ್ಲ ಕಳುಹಿಸಿ. ದಿನಾಂಕ, ಊರು, ಹೇಂಟೆಗಳೆಷ್ಟು, ಮರಿಗಳೆಷ್ಟು, ಮರಿಗಳು ತಾಯಿಯ ಅರ್ಧದಷ್ಟೋ ಅದಕ್ಕಿಂತ ಚಿಕ್ಕವೋ ಎಂದು ಬರೆಯಬೇಕು. ಎರಡು ಮೂರು ಹೇಂಟೆಗಳು ಮರಿಗಳನ್ನು ಒಟ್ಟುಗೂಡಿಸಿಕೊಂಡು ತಿರುಗುವುದುಂಟು, ಆಗ ಎಲ್ಲವನ್ನೂ ಸೇರಿಸಿ ಬರೆಯಿರಿ. ಮರಿಯಿಲ್ಲದ ಹೇಂಟೆ ಕಂಡರೂ ಬಿಡಬೇಡಿ, ಆ ಲೆಕ್ಕವೂ ಅವರಿಗೆ ಬೇಕು. ಎಣಿಸುವ ಆತುರದಲ್ಲಿ ಹತ್ತಿರ ಹೋಗಬೇಡಿ. ಕಾರಿನೊಳಗಿಂದ, ಕಿಟಕಿಯಿಂದ ಎಣಿಸಿ. ಮೇಷ್ಟ್ರೇ, ನಿಮ್ಮ ಬೀದಿಯ ಲೆಕ್ಕವನ್ನು ಮೊಮ್ಮಗಳಿಗೆ ವಹಿಸಿ.